ಸಿ ಕೋಲನ್ ಓರೆಗೆರೆ

ವೀಣೆ ಕೇಳಿಸಲಿಲ್ಲ. ಪರದೆಯ ಮೇಲೆ ವೀಣೆಯ ಸಾಲು ಇದ್ದಲ್ಲೇ ಇತ್ತು, ಆ ಸಾಲಿನಲ್ಲಿ ಅಮೂಲ್ಯಾ ತಾನೇ ಒಂದೊಂದಾಗಿ ಕೂರಿಸಿದ್ದ ಸ್ವರಗಳು ಪುಟ್ಟ ಹಸಿರು ಇಟ್ಟಿಗೆಗಳ ಹಾಗೆ ಅಲ್ಲಲ್ಲೇ ಕೂತಿದ್ದವು, ಕೆಂಪು ಗೆರೆಯೊಂದು ಅವುಗಳ ಮೇಲೆ ಎಡದಿಂದ ಬಲಕ್ಕೆ ಹಾದು ಹೋಗುತ್ತಿತ್ತು, ಸ್ಪೀಕರು ಮಾತ್ರ ಉಂಡು ಮಲಗಿದವರ ಹಾಗೆ ಸುಮ್ಮನಿತ್ತು. ಬೆನ್ನ ಹಿಂದೆ ಜಮಖಾನದ ಮೇಲೆ ಕೆರೆಕಟ್ಟೆಯಿಂದ ಬಂದ ಐದು ಜನ ಹೆಂಗಸರು ಕೂತಿದ್ದರು. ಅವರಿಗೆಲ್ಲ ಮುಂದಾಳಾದ ಸುಲೋಚನಮ್ಮ, ವೀಣೆ ಮುಗಿದ ಕೂಡಲೇ ಎತ್ತಿಕೊಳ್ಳಬೇಕೆಂದು ಎದೆ ತುಂಬ ಉಸಿರು ಎಳೆದುಕೊಂಡಿದ್ದವರು, ವೀಣೆ ಶುರುವೇ ಆಗದ್ದರಿಂದ ಆ ಉಸಿರನ್ನು ಏನು ಮಾಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡು, ಆಮೇಲೆ ಯಾರಿಗೂ ಗೊತ್ತಾಗದಂತೆ ಮೂಗಿನಿಂದ ಬಿಟ್ಟರು. ಅಮೂಲ್ಯಾಳಿಗೆ ಗೊತ್ತಾಯಿತು. ಮೈಕು ಹಿಡಿದ ಆ ಉಸಿರು ಹೆಡ್‌ಫೋನಿನಲ್ಲಿ ಘಾಟಿಯಿಂದ ಗಾಳಿ ಇಳಿದ ಹಾಗೆ ಕೇಳಿಸಿತು. ಅವಳಿಗೆ ನಗು ಬಂತು. ಅವಳ ಕಷ್ಟವೇ ಅದು, ಹೆದರಿಕೆಯಾದರೆ ಮೊದಲು ನಗು ಬರುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತದ ಪ್ರಶ್ನೆಪತ್ರಿಕೆ ಕೈಗೆ ಬಂದಾಗಲೂ ನಕ್ಕಿದ್ದಳು, ಕೋಣೆ ಕಾಯುತ್ತಿದ್ದ ಮೇಷ್ಟ್ರು ಹತ್ತಿರ ಬಂದು ಚೀಟಿ ಇಟ್ಟುಕೊಂಡಿದ್ದಾಳೋ ಎಂದು ಬೆಂಚಿನ ಕೆಳಗೆಲ್ಲ ಬಗ್ಗಿ ನೋಡಿದ್ದರು.

ಪರದೆಯ ನಡುವೆ ಒಂದು ಚೌಕ ಬಂದು ನಿಂತಿತ್ತು. ಈ ಹಾಡಿಗೆ ಬೇಕಾದ ಪ್ಲಗಿನ್ ಸಿಗಲಿಲ್ಲ ಎಂದು ಅದು ಇಂಗ್ಲಿಷಿನಲ್ಲಿ ಹೇಳುತ್ತಿತ್ತು. ಸರಿ ಎಂದು ಒತ್ತಿದರೆ ಕೊಳಲಿನದು, ಅದನ್ನೂ ಒತ್ತಿದರೆ ತಂಬೂರಿಯದು. ಹಾಡು ಕೂಡಿಸುವ ಸಾಫ್ಟ್‌ವೇರಿನಲ್ಲಿ ವಾದ್ಯಗಳೆಲ್ಲ ಹುಟ್ಟಿನಿಂದ ಇರುವುದಿಲ್ಲ; ವೀಣೆ ಬೇಕಾದರೆ ವೀಣೆಯ ಪ್ಲಗಿನ್ ಬೇರೆ ತಂದು ಒಂದು ಫೋಲ್ಡರಿನಲ್ಲಿ ಇಡಬೇಕು, ಇಂಥ ಫೋಲ್ಡರಿನಲ್ಲಿ ಇಟ್ಟಿದ್ದೇನೆ ನೋಡಿಕೋ ಎಂದು ಸಾಫ್ಟ್‌ವೇರಿಗೆ ಹೇಳಬೇಕು, ಅದು ಹೋಗಿ ನೋಡಿ ಬರುತ್ತದೆ. ಇಷ್ಟು ದಿನ ಹೋಗಿ ನೋಡಿ ಬರುತ್ತಿತ್ತು. ಇವತ್ತು ಹೋಗಿ ಬರಿಗೈಯಲ್ಲಿ ಬಂದಿತ್ತು. ಇವತ್ತೇ ಬರಬೇಕಿತ್ತೇ. ಶೃಂಗೇರಿಯ ಆ ಮದುವೆ ಮನೆಯಲ್ಲಿ ತಾನು ಬಾಯಿ ಮುಚ್ಚಿಕೊಂಡು ಹೋಳಿಗೆ ತಿಂದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ ಎಂದು ಅಮೂಲ್ಯಾಳಿಗೆ ಅನ್ನಿಸಿತು. ಧಾರೆಯಾದ ಮೇಲೆ ಈ ಐವರು ಮೂಲೆಯಲ್ಲಿ ಕೂತು ಒಂದು ಹಾಡು ಹೇಳಿದ್ದರು, ಹಳ್ಳ ದಾಟುವಾಗ ಕಾಲಿನ ಗೆಜ್ಜೆ ನೀರಿಗೆ ಬಿದ್ದ ಹೆಣ್ಣಿನ ಹಾಡು. ‘ಹಳ್ಳಕೆ ಬಿದ್ದ ಗೆಜ್ಜೆ ಹಳ್ಳಕೇ ಇರಲೇಳು’ ಎಂಬಲ್ಲಿಗೆ ಬಂದಾಗ ಸುಲೋಚನಮ್ಮನ ದನಿ ಮೇಲೆ ಹೋಗಿ ಒಂದು ಕ್ಷಣ ಎಲ್ಲೂ ಕಾಲೂರದೆ ನಿಂತಿತ್ತು. ಅಮೂಲ್ಯಾ ಎಲೆ ಬಿಟ್ಟು ಎದ್ದು ಎಂಜಲು ಕೈಯಲ್ಲೇ ಅವರ ಮುಂದೆ ಹೋಗಿ ನಿಂತಿದ್ದಳು. ಕೊಪ್ಪದಲ್ಲಿ ಸ್ಟುಡಿಯೋ ಇದೆ, ಬನ್ನಿ, ಸಿ.ಡಿ. ಮಾಡೋಣ, ಹಿಂದೆ ವೀಣೆ, ಕೊಳಲು, ತಂಬೂರಿ ಎಲ್ಲ ಹಾಕುತ್ತೇನೆ ಎಂದು ಒಂದೇ ಉಸಿರಿಗೆ ಹೇಳಿದ್ದಳು. ವೀಣೆ ಯಾರು ನುಡಿಸುತ್ತಾರೆ ಎಂದು ಅವರು ಕೇಳಿದ್ದಕ್ಕೆ, ನಾನೇ ಎಂದಿದ್ದಳು. ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಅವರು ಬಂದೇಬಿಟ್ಟಿದ್ದರು. ಬರುವುದು ಸುಲಭವಾಗಿರಲಿಲ್ಲ ಎಂಬುದನ್ನು ಸುಲೋಚನಮ್ಮ ಬೆಳಿಗ್ಗೆ ಮೆಟ್ಟಿಲು ಹತ್ತುತ್ತಲೇ ನಗುತ್ತ ಹೇಳಿದ್ದರು. ಅವರ ಯಜಮಾನರು ರಂಗಪ್ಪನವರು ಎರಡು ದಿನ ಮಾತು ಬಿಟ್ಟು, ಮೂರನೆಯ ದಿನ ಒಂದೇ ಮಾತು ಕೇಳಿದ್ದರಂತೆ: “ಹಾಡಕ್ಕೆ ಕೊಪ್ಪದವರೆಗೆ ಹೋಗಬೇಕನಾ?” ಒಬ್ಬರು ಅತ್ತೆಗೆ ಕಣ್ಣಿನ ಔಷಧಿ ಎಂದು ಹೇಳಿ ಬಂದಿದ್ದರು, ಇನ್ನೊಬ್ಬರು ನಿಜವನ್ನೇ ಹೇಳಿ ಇನ್ನೂ ಹೆಚ್ಚು ಬೈಸಿಕೊಂಡು ಬಂದಿದ್ದರು. ಮೂರು ಗಂಟೆಯ ಬಸ್ಸು ಹಿಡಿದರೆ ಮಾತ್ರ ಶೃಂಗೇರಿಯಲ್ಲಿ ಕೆರೆಕಟ್ಟೆಯ ಕೊನೇ ಬಸ್ಸು ಸಿಗುತ್ತದೆ. ಇವತ್ತು ಹಾಡಿ ಹೋದರೆ ಹಾಡಿದ ಹಾಗೆ. ಬರಿಗೈಯಲ್ಲಿ ಹೋದರೆ ಇನ್ನೊಂದು ಸಲ ಯಾರೂ ಕಳಿಸುವುದಿಲ್ಲ. ಅಭ್ಯಾಸಕ್ಕೆಂದು ಅಮೂಲ್ಯಾ ಮೊದಲೇ ಕಳಿಸಿದ್ದ ವೀಣೆ ಕೊಳಲಿನ ಸಿ.ಡಿ. ಹಾಕಿಕೊಂಡು ತಿಂಗಳಿಂದ ಹಾಡಿದ್ದರು, ಆದರೆ ಅದರ ಶ್ರುತಿ ಎತ್ತರವಾಯಿತು, ಗೆಜ್ಜೆಯ ಹತ್ತಿರ ಗಂಟಲು ಹಿಡಿಯುತ್ತದೆ, ಅರ್ಧ ಮನೆ ಇಳಿಸಿ ಕೊಡು ಎಂದು ಸುಲೋಚನಮ್ಮ ಬಂದ ಕೂಡಲೇ ಕೇಳಿದ್ದರು. ಅದಕ್ಕೇನು, ಕಂಪ್ಯೂಟರಿನಲ್ಲಿ ಅದೆಲ್ಲ ಒಂದು ನಿಮಿಷ ಎಂದು ಚಿಟಿಕೆ ಹೊಡೆದು ಹಾಡು ತೆರೆದದ್ದು. ಚಿಟಿಕೆ ಹೊಡೆದ ಬೆರಳು ಈಗ ಮೌಸಿನ ಮೇಲೆ ಬೆವರುತ್ತಿತ್ತು.

“ಎಂತ ಆಯ್ತು?” ಎಂದರು ಬಾಗಿಲಲ್ಲಿ ನಿಂತಿದ್ದ ಜಯದೇವಪ್ಪ. ಕೆಳಗಿನ ಮೈಕ್‌ಸೆಟ್ ಅಂಗಡಿಯೂ ಅವರದೇ, ಅಮೂಲ್ಯಾ ಕೆಲಸಕ್ಕಿರುವ ಮೇಲಿನ ಈ ಕೋಣೆಯೂ ಅವರದೇ. ಮದುವೆಗೆ, ಗಣಪತಿಗೆ, ಚುನಾವಣೆಗೆ ಹಾರ್ನು ಕಟ್ಟಿಸಿ ಇಪ್ಪತ್ತೈದು ವರ್ಷ ಬದುಕಿದ ಮನುಷ್ಯ, ಆಟೋ ಪ್ರಚಾರದ ದನಿ ಹಿಡಿಯಲೆಂದು ಗೋಡೆಗೆಲ್ಲ ಮೊಟ್ಟೆಯ ಟ್ರೇ ಹೊಡೆಸಿ ಈ ಕೋಣೆ ಮಾಡಿಸಿದ್ದರು. ತಾವು ಮೊಟ್ಟೆ ಮುಟ್ಟದವರಾದ್ದರಿಂದ ಟ್ರೇಗಳನ್ನು ತೊಳೆಸಿ, ಬಿಸಿಲಿಗಿಟ್ಟು, ವಿಭೂತಿ ಹಚ್ಚಿ ಹೊಡೆಸಿದ್ದರು. ಅವರು ಕೇಳಿದ್ದೇ ತಡ, ಅಮೂಲ್ಯಾಳ ಬಾಯಿ ಅವಳಿಗಿಂತ ಮುಂದೆ ಹೋಯಿತು. “ಜಯದೇವಣ್ಣ, ನಿನ್ನೆ ಸಂಜೆ ನೀವಿಲ್ಲಿ ಕೂತು ಇಸ್ಪೀಟು ಆಡ್ತಿದ್ರಿ ಅಲ್ದಾ? ಏನು ಒತ್ತಿದ್ರಿ?” ಐದು ಜನ ಹೆಂಗಸರೂ ತಲೆ ತಿರುಗಿಸಿ ಅವರನ್ನು ನೋಡಿದರು. ಜಯದೇವಪ್ಪ ಕಂಪ್ಯೂಟರಿನಲ್ಲಿ ಇಸ್ಪೀಟು ಆಡುತ್ತಾರೆಂಬುದು ಅವರ ಮನೆಯಲ್ಲೂ ಗೊತ್ತಿರಲಿಲ್ಲ. ಅವರ ಕಿವಿಯ ತುದಿ ಕೆಂಪಾಯಿತು. ಇಲ್ಲ ಎನ್ನಲಿಲ್ಲ, ಸಿಟ್ಟಾಗಲಿಲ್ಲ. ಆ ಪೆಟ್ಟಿಗೆಯ ಮುಂದೆ ಕೂತಾಗಲೆಲ್ಲ ಯಾವತ್ತೋ ಒಂದು ದಿನ ಹೀಗಾಗುತ್ತದೆಂದು ಮೊದಲೇ ಒಪ್ಪಿಕೊಂಡಿದ್ದವರ ಹಾಗೆ ಮೆಲ್ಲಗೆ, “ಎಲೆ ಎಳೆಯುವಾಗ ಎಂತಾರು ಎಳೆದಿರಬಹುದು ಮಾರಾಯ್ತಿ,” ಎಂದರು. ಅಮೂಲ್ಯಾಳಿಗೆ ಹಗುರಾಯಿತು. ತಪ್ಪಿಗೆ ಒಂದು ಮನೆ ಸಿಕ್ಕಿತು, ಇನ್ನು ರಿಪೇರಿಯಷ್ಟೇ ತಾನೆ. ಹಗುರಾದದ್ದಕ್ಕೆ ಒಳಗೆಲ್ಲೋ ಚುಚ್ಚಿತು ಕೂಡ, ಆದರೆ ಚುಚ್ಚಿದ್ದನ್ನು ನೋಡುತ್ತ ಕೂರಲು ಹೊತ್ತಿರಲಿಲ್ಲ.

ಈ ಸಾಫ್ಟ್‌ವೇರನ್ನೂ ಪ್ಲಗಿನ್‌ಗಳನ್ನೂ ಹಾಕಿಕೊಟ್ಟದ್ದು ನರಸಿಂಹರಾಜಪುರದ ಕಂಪ್ಯೂಟರ್ ಅಂಗಡಿಯ ರಾಜೇಶ. ಅವನಿಗೆ ಫೋನು ಮಾಡಬೇಕು. ಫೋನು ಕೆಳಗೆ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕ, ಕಂಪ್ಯೂಟರು ಮೇಲೆ. ಅಮೂಲ್ಯಾ ಓಡಿ ಇಳಿದಳು, ಅವನು ಹೇಳಿದ್ದನ್ನು ಬಾಯಲ್ಲಿ ಇಟ್ಟುಕೊಂಡು ಓಡಿ ಹತ್ತಿದಳು, ನೋಡಿದ್ದನ್ನು ಹೇಳಲು ಮತ್ತೆ ಇಳಿದಳು, ಮೂರನೆಯ ಸಲಕ್ಕೆ ದುಪಟ್ಟಾ ಮೆಟ್ಟಿಲ ಕಂಬಿಗೆ ಸಿಕ್ಕಿ ಅರ್ಧದಲ್ಲಿ ಕೂತುಬಿಟ್ಟಳು. ಆಗ ಸುಲೋಚನಮ್ಮ ಎದ್ದರು. ಒಂದು ಮಾತೂ ಕೇಳದೆ, ದೊಡ್ಡ ಊಟದ ಮನೆಯಲ್ಲಿ ಒಲೆಯಿಂದ ಪಂಕ್ತಿಯವರೆಗೆ ಕೈಯಿಂದ ಕೈಗೆ ಪಾತ್ರೆ ಸಾಗಿಸಲು ಜನ ನಿಲ್ಲಿಸುವ ಹಾಗೆ ನಿಲ್ಲಿಸಿದರು: ಫೋನು ಹಿಡಿದ ಜಯದೇವಪ್ಪನ ಪಕ್ಕ ಒಬ್ಬರು, ಮೆಟ್ಟಿಲ ಮೇಲೆ ಇಬ್ಬರು, ಬಾಗಿಲಲ್ಲಿ ಒಬ್ಬರು, ಅಮೂಲ್ಯಾಳ ಕುರ್ಚಿಯ ಹಿಂದೆ ತಾವು. ರಾಜೇಶ ನರಸಿಂಹರಾಜಪುರದಲ್ಲಿ ಹೇಳಿದ್ದು ಜಯದೇವಪ್ಪನ ಬಾಯಿಂದ ಹೊರಟು ನಾಲ್ಕು ಗಂಟಲು ಹತ್ತಿ ಸುಲೋಚನಮ್ಮನಿಗೆ ಬಂದು ಮುಟ್ಟತೊಡಗಿತು.

ಪ್ಲಗಿನ್ ಎಲ್ಲಿದೆಯೆಂದು ಸಾಫ್ಟ್‌ವೇರಿಗೆ ಹೇಳುವ ಜಾಗ ಇದೆಯಲ್ಲ, ಅಲ್ಲಿ ದಾರಿ ಸರಿ ಇದೆಯೋ ಇಲ್ಲವೋ, ಅಳಿಸಿ ಹೊಸದಾಗಿ ಹೊಡಿ ಎಂದನಂತೆ ರಾಜೇಶ. ಸಿ ಎಂದು ಹೊಡಿ, ಕೋಲನ್ ಹೊಡಿ, ಆಮೇಲೆ ಓರೆಗೆರೆ. ಯಾವ ಕಡೆ ಓರೆ ಎಂಬ ಪ್ರಶ್ನೆ ಕೆಳಗೆ ಹೋಯಿತು. ಎಂಟರ್ ಗುಂಡಿಯ ಮೇಲುಗಡೆ ಇರುತ್ತದೆ, ತಲೆ ಎಡಕ್ಕೆ ವಾಲಿದ್ದು ಎಂಬ ಉತ್ತರ ಮೇಲೆ ಬಂತು. ಆಮೇಲೆ ಪ್ರೋಗ್ರಾಂ ಫೈಲ್ಸ್. ಮತ್ತೆ ಓರೆಗೆರೆ. ಮೊದಮೊದಲು ಸಂಕೋಚದಲ್ಲಿ, ಕಿವಿಯಲ್ಲಿ ಗುಟ್ಟು ಹೇಳುವ ಹಾಗೆ ಹೇಳುತ್ತಿದ್ದವರು, ಇನ್ನೊಮ್ಮೆ ಮೊದಲಿಂದ ಹೇಳು ಎಂದು ಅಮೂಲ್ಯಾ ಕೇಳಿದಾಗ ಒಂದು ಹದಕ್ಕೆ ಬಂದರು. ಭಜನೆ ಹೇಳಿ ಪಳಗಿದ ಬಾಯಿಗಳು. ಕೆಳಗಿನವರು ಬಿಟ್ಟಲ್ಲಿಂದ ಮೇಲಿನವರು ಎತ್ತಿಕೊಳ್ಳುವುದು ಅವರಿಗೆ ಯಾರೂ ಕಲಿಸಬೇಕಾದ್ದಲ್ಲ. ಸಿ ಕೋಲನ್ ಓರೆಗೆರೆ, ಓರೆಗೆರೆ, ಪ್ರೋಗ್ರಾಂ ಫೈಲ್ಸ್ ಓರೆಗೆರೆ. ಬಾಗಿಲಲ್ಲಿದ್ದವರ ಕೈಯಲ್ಲಿ ತಾಳ ಇತ್ತು; ಬೇಕೆಂದು ಬಡಿದರೋ ಕೈ ತಾನಾಗಿ ಬಡಿಯಿತೋ, ಓರೆಗೆರೆ ಬಂದಲ್ಲೆಲ್ಲ ಒಂದು ಕಿಣಿ ಬಿತ್ತು. ಎದುರಿನ ಬಸ್‌ಸ್ಟ್ಯಾಂಡಿನಲ್ಲಿ ಶಿವಮೊಗ್ಗದ ಬಸ್ಸಿಗೆ ಕಾಯುತ್ತಿದ್ದವರು ಕತ್ತೆತ್ತಿ ನೋಡಿದರು. ಅಮೂಲ್ಯಾ ಹೊಡೆಯುತ್ತಿದ್ದಳು, ಅವಳಿಗೆ ಹೆದರಿಕೆಯೋ ಖುಷಿಯೋ ತಿಳಿಯುತ್ತಿರಲಿಲ್ಲ, ಕಣ್ಣಲ್ಲಿ ನೀರು ಬರುವಷ್ಟು ನಗು ಗಂಟಲಿಗೆ ಬಂದು ಕೂತಿತ್ತು, ಈ ಹಾಡೂ ಚೆನ್ನಾಗಿದೆಯಲ್ಲ, ಇದನ್ನೂ ರೆಕಾರ್ಡು ಮಾಡಬಹುದಲ್ಲ ಎಂದು ಒಂದು ಕ್ಷಣ ಮೂರು ಗಂಟೆಯ ಬಸ್ಸನ್ನೇ ಮರೆತಳು. ಸ್ಕ್ಯಾನ್ ಒತ್ತಿದಳು. ಪಟ್ಟಿ ತುಂಬುವ ಜಾಗದಲ್ಲಿ ಏನೂ ತುಂಬಲಿಲ್ಲ. ಸಿಕ್ಕಿದ್ದು: ಸೊನ್ನೆ. ಸುಲೋಚನಮ್ಮ ಸೊನ್ನೆ ಎಂದರು, ಬಾಗಿಲು ಸೊನ್ನೆ ಎಂದಿತು, ಮೆಟ್ಟಿಲುಗಳು ಸೊನ್ನೆ ಸೊನ್ನೆ ಎಂದವು, ಒಬ್ಬರಿಗಿಂತ ಒಬ್ಬರು ದನಿ ಇಳಿಸುತ್ತ, ಕೊನೆಯದು ಬಾವಿಗೆ ಕೊಡ ಇಳಿದ ಹಾಗೆ ಕೇಳಿಸಿತು.

ಹಾಗಾದರೆ ಆ ಫೋಲ್ಡರನ್ನೇ ತೆರೆದು ನೋಡು ಎಂದನಂತೆ. ತೆರೆದಳು. ಬೆಳ್ಳಗೆ, ಖಾಲಿ, ಗುಡಿಸಿ ಸಾರಿಸಿದ ಹಾಗಿತ್ತು. ಅಲ್ಲಿದ್ದ ಫೈಲುಗಳು ಬೇರೆಲ್ಲೋ ಹೋಗಿರಬೇಕು, ಹುಡುಕು, ಆದರೆ ಸಿ ಡ್ರೈವಿನಲ್ಲಿ ಮಾತ್ರ ಹುಡುಕು, ಡಿ ತುಂಬ ಮದುವೆ ವಿಡಿಯೋ ಇದೆ, ಹುಡುಕಾಟ ಅಲ್ಲಿ ಹೊಕ್ಕರೆ ಸಂಜೆಗೇ ವಾಪಸ್ಸು ಎಂದನಂತೆ. ಹುಡುಕುವುದಕ್ಕೆ ಪರದೆಯ ಮೂಲೆಯಲ್ಲಿ ಒಂದು ಹಳದಿ ನಾಯಿಮರಿಯ ಚಿತ್ರ ಬಂದು ಬಾಲ ಅಲ್ಲಾಡಿಸಿತು, ಮೂಸಿತು, ಪುಸ್ತಕ ತಿರುವಿತು. ನಾಯಿ ಬಂದದ್ದೇ ಮೆಟ್ಟಿಲ ಮೇಲಿದ್ದವರೂ ಒಳಗೆ ಬಂದು ಸುತ್ತ ನಿಂತರು. ನಮ್ಮ ಮನೆಯದಕ್ಕಿಂತ ವಾಸಿ, ಹುಡುಕುವ ಹಾಗಾದರೂ ಮಾಡುತ್ತದೆ ಎಂದರು ಕಣ್ಣಿನ ಔಷಧಿಯವರು. ನಾಯಿಗೂ ಏನೂ ಸಿಗಲಿಲ್ಲ. ರಾಜೇಶ ಕೊನೆಯದಾಗಿ ಹೇಳಿದ್ದನ್ನು ಜಯದೇವಪ್ಪ ತಾವೇ ಮೇಲೆ ಬಂದು ಹೇಳಿದರು: ಇನ್ನು ಅವನೇ ಡಿಸ್ಕು ತಂದು ಹೊಸದಾಗಿ ಹಾಕಬೇಕು, ನಾಳೆ ಬೆಳಿಗ್ಗೆ ಬರುತ್ತಾನಂತೆ. ಹೇಳಿ, ತಮ್ಮ ಎರಡೂ ಕೈಗಳನ್ನು ಒಮ್ಮೆ ನೋಡಿಕೊಂಡರು. ಆಮೇಲೆ ಎಲ್ಲರಿಗೂ ಟೀ ಹೇಳಿ ಬರುತ್ತೇನೆ ಎಂದು ಇಳಿದು ಹೋದರು. ಟೀ ಹುಡುಗನಿಗೆ ಕಿಟಕಿಯಿಂದ ಕೂಗಿದರೆ ಸಾಕಿತ್ತು. ಅವರು ನಡೆದೇ ಹೋದರು.

“ಬಿಡು ಮಗ, ತಾಳದಲ್ಲೇ ಹೇಳ್ತೀವಿ,” ಎಂದರು ಸುಲೋಚನಮ್ಮ. ಆಮೇಲೆ ಸೀರೆಯ ಅಂಚು ಸರಿ ಮಾಡಿಕೊಳ್ಳುತ್ತ, ಯಾರಿಗೂ ಅಲ್ಲದ ಹಾಗೆ, “ತಾಳದಲ್ಲಿ ಮನೇಲೂ ಹೇಳ್ತಿದ್ವಲೆ,” ಎಂದರು. ಆ ಮಾತಿಗೆ ಅಮೂಲ್ಯಾಳ ಗಂಟಲಲ್ಲಿದ್ದ ನಗು ಮೊದಲ ಸಲ ಇಳಿದು ಹೋಯಿತು. ಅವರ ಮುಖ ನೋಡಲಾರದೆ ಪರದೆಯ ಅಂಚು ನೋಡಿದಳು. ಅಂಚು ಚೊಕ್ಕಟವಾಗಿತ್ತು. ಕೆಳಗೆ ಬಲಗಡೆ ಗಡಿಯಾರ, ಅದರ ಪಕ್ಕ ಸ್ಪೀಕರಿನ ಚಿತ್ರ, ಮತ್ತೇನೂ ಇಲ್ಲ. ಏನೋ ಇರಬೇಕಿತ್ತು. ದಿನಾ ಇರುತ್ತಿತ್ತು. ಏನು? ದಿನಾ ಕಂಪ್ಯೂಟರು ಹಾಕಿದ ಕೂಡಲೇ ಆ ಮೂಲೆಯಲ್ಲಿ ಒಂದು ಹಳದಿ ಬಲೂನು ಎದ್ದು, ಸಿ ಡ್ರೈವಿನಲ್ಲಿ ಜಾಗ ಇಲ್ಲ, ಜಾಗ ಇಲ್ಲ ಎಂದು ದೂರು ಹೇಳುತ್ತಿತ್ತು. ಇವತ್ತು ಬೆಳಿಗ್ಗೆಯಿಂದ ಅದು ಏಳಲೇ ಇಲ್ಲ. ಯಾಕೆ ಏಳಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಬರುವ ಮೊದಲೇ ಅವಳ ಕಿವಿ ಬಿಸಿಯಾಯಿತು.

ನೆಂಟರು ಬರುತ್ತಾರೆಂದರೆ ಅವಳ ಅಮ್ಮ ಹೀಗೇ. ಹರಿದ ಚಾಪೆ, ದನಿ ಸತ್ತ ರೇಡಿಯೋ, ಒಂಟಿ ಚಪ್ಪಲಿ, ಕಣ್ಣಿಗೆ ಬಿದ್ದದ್ದೆಲ್ಲ ಅಟ್ಟಕ್ಕೆ. ನೆಂಟರು ಹೋದ ಮೇಲೆ ಟೀ ಸೋಸುವ ಜಾಲರಿ ಎಲ್ಲಿ ಎಂದು ವಾರಗಟ್ಟಲೆ ಹುಡುಕಿ, ಮನೆಯವರನ್ನೆಲ್ಲ ಬೈದು, ಕೊನೆಗೆ ಏಣಿ ಹಾಕುವುದು. ನಿನ್ನೆ ಜಯದೇವಪ್ಪ ಇಸ್ಪೀಟು ಮುಗಿಸಿ ಇಳಿದ ಮೇಲೆ ಅಮೂಲ್ಯಾ ಈ ಕೋಣೆ ಗುಡಿಸಿದ್ದಳು, ಮೊಟ್ಟೆ ಟ್ರೇಗಳ ಗುಳಿಗಳಲ್ಲಿ ಬೆರಳು ಹಾಕಿ ಧೂಳು ತೆಗೆದಿದ್ದಳು, ಜಮಖಾನ ಕೊಡವಿದ್ದಳು, ಗೆಜ್ಜೆಯ ಹಾಡು ಗುನುಗುತ್ತ, ಕೆರೆಕಟ್ಟೆಯವರು ಬರುತ್ತಾರೆ, ವೀಣೆ ಕೇಳಿ ಬೆರಗಾಗುತ್ತಾರೆ ಎಂದು ಕಾಲು ನೆಲದ ಮೇಲೆ ನಿಲ್ಲದೆ. ಗುಡಿಸುವುದು ಮುಗಿದರೂ ಕೈ ನಿಲ್ಲಲಿಲ್ಲ. ಆ ಹಳದಿ ಬಲೂನು ಕಣ್ಣಿಗೆ ಬಿತ್ತು, ನೆಂಟರ ಮುಂದೆ ಒಣಹಾಕಿದ ಒಳಬಟ್ಟೆಯ ಹಾಗೆ ಕಂಡಿತು. ಸಿ ಡ್ರೈವು ತೆರೆದಳು, ದಪ್ಪಗೆ ಜಾಗ ಹಿಡಿದು ಕೂತಿದ್ದ ಫೈಲುಗಳನ್ನು, ತಾನು ಯಾವತ್ತೂ ಕೈಯಾರೆ ತೆರೆಯದವನ್ನು, ಗಂಟು ಕಟ್ಟಿ ಡಿ ಡ್ರೈವಿಗೆ ಸಾಗಿಸಿದಳು. ಅಲ್ಲಿ ಅವಳೇ ಯಾವಾಗಲೋ ಮಾಡಿಟ್ಟ ಒಂದು ಫೋಲ್ಡರಿತ್ತು, ಬೇಡದ್ದನ್ನೆಲ್ಲ ಎಸೆಯುವ ಫೋಲ್ಡರು. ಅದರ ಹೆಸರು ‘ಅಟ್ಟ’.

ತೆರೆದಳು. ವೀಣೆ, ಕೊಳಲು, ತಂಬೂರಿ, ಮೂರೂ ಅಲ್ಲಿ ಒಂದಕ್ಕೊಂದು ಒತ್ತಿಕೊಂಡು ಕೂತಿದ್ದವು. ಸುತ್ತ ನಿಂತವರಿಗೆ ಏನೂ ತಿಳಿಯುವ ಹಾಗಿರಲಿಲ್ಲ, ಅವರಿಗೆ ಅದೂ ಇನ್ನೊಂದು ಕಿಟಕಿ. ಜಯದೇವಪ್ಪ ಬೀದಿಯಲ್ಲಿದ್ದರು. ಈಗ ಸುಮ್ಮನೆ ಎತ್ತಿ ಮೊದಲಿನ ಜಾಗಕ್ಕಿಟ್ಟರೆ ಮುಗಿಯಿತು, ಯಾರೂ ಕೇಳುವುದಿಲ್ಲ, ಕೇಳಿದರೂ ಹೇಳುವುದಕ್ಕೆ ಎಷ್ಟು ಬೇಕಾದರೂ ಇಂಗ್ಲಿಷಿದೆ. ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಹಾಳೆಗಳು ಹಾರುವ ಚಿತ್ರ ಬಂತು. ಹಾಳೆಗಳು ಹಾರುತ್ತಿದ್ದಷ್ಟು ಹೊತ್ತು ಅಮೂಲ್ಯಾ ಉಸಿರು ಬಿಡಲಿಲ್ಲ. ಸ್ಕ್ಯಾನ್. ಒಂದೊಂದೇ ಹೆಸರು ಮೇಲಿನಿಂದ ಉದುರಿ ಪಟ್ಟಿಯಲ್ಲಿ ಕೂತಿತು. ಅರ್ಧ ಮನೆ ಇಳಿಸಿ ಒತ್ತಿದಳು, ವೀಣೆ ಬಂತು. ಎಷ್ಟು ಜೋರಾಗಿ ಬಂತೆಂದರೆ, ಬಾಗಿಲಲ್ಲಿ ಟೀ ಲೋಟಗಳ ತಂತಿಬುಟ್ಟಿ ಹಿಡಿದು ನಿಂತ ಜಯದೇವಪ್ಪ ಒಂದು ಹೆಜ್ಜೆ ಹಿಂದೆ ಸರಿದು ಟೀ ಚೆಲ್ಲಿದರು. “ಎಂತ ಆಗಿತ್ತು?” ಎಂದು ಕೇಳಿದರು. ಸಿಕ್ಕಿತು ಎಂದಷ್ಟೇ ಹೇಳಿದಳು ಅಮೂಲ್ಯಾ. ನಾನು ಕೆಡಿಸಿದ್ದನ್ನು ಈ ಹುಡುಗಿ ಹುಡುಕಿ ತೆಗೆದಳು ನೋಡಿ, ರಾಜೇಶನ ಕೈಲೇ ಆಗಲಿಲ್ಲ ಎಂದು ಅವರು ಹೆಂಗಸರಿಗೆ ಹೇಳಿದರು. ಅವರ ಮುಖ ತುಂಬ ಸಂತೋಷವಿತ್ತು, ಅದು ನೋಡಲಾಗದಂಥ ಸಂತೋಷವಾಗಿತ್ತು.

ಹಾಡಿದರು. ವೀಣೆ ಮುಗಿಯುವಲ್ಲಿ ಸುಲೋಚನಮ್ಮ ಈ ಸಲ ಉಸಿರನ್ನು ಪೋಲು ಮಾಡದೆ ಎತ್ತಿಕೊಂಡರು, ಉಳಿದ ನಾಲ್ವರು ಹಿಂದಿನಿಂದ ಬಂದು ಕೂಡಿಕೊಂಡರು, ಹೆಡ್‌ಫೋನಿನೊಳಗೆ ಒಂದು ಹಳ್ಳ ಹರಿಯತೊಡಗಿತು. ಎರಡನೇ ನುಡಿಯ ಹೊತ್ತಿಗೆ ಅಮೂಲ್ಯಾಳ ಮೈಯ ರೋಮವೆಲ್ಲ ಎದ್ದಿತ್ತು. ಇದಕ್ಕೇ ಅಲ್ಲವೇ ಎಂಜಲು ಕೈಯಲ್ಲಿ ಎದ್ದು ಓಡಿದ್ದು. ಕಣ್ಣೆತ್ತಿದಳು. ಬಾಗಿಲ ಪಕ್ಕ ಗೋಡೆಗೆ ಒರಗದೆ, ಕುರ್ಚಿಯಿದ್ದರೂ ಕೂರದೆ ಜಯದೇವಪ್ಪ ನಿಂತಿದ್ದರು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು. ಏನನ್ನೂ ಮುಟ್ಟಬಾರದೆಂದು. ತಮ್ಮದೇ ಕೋಣೆಯಲ್ಲಿ, ತಾವು ವಿಭೂತಿ ಹಚ್ಚಿ ಹೊಡೆಸಿದ ಟ್ರೇಗಳ ನಡುವೆ, ಪರರ ಮನೆಯ ದೇವರ ಕೋಣೆಯ ಹೊಸಿಲಲ್ಲಿ ನಿಂತವರ ಹಾಗೆ. ಗೆಜ್ಜೆ ಹಳ್ಳಕ್ಕೆ ಬಿತ್ತು. ಸುಲೋಚನಮ್ಮನ ದನಿ ಮೇಲೆ ಹೋಯಿತು, ನಿಂತಿತು, ಮೆಲ್ಲಗೆ ಇಳಿಯಿತು. ತಂಬೂರಿಯ ಕೊನೆಯ ಎಳೆ ತೆಳ್ಳಗಾಗುತ್ತ ಹೋಯಿತು. ಹಾಡು ಮುಗಿದ ಮೇಲೂ ಯಾರೂ ಅಲ್ಲಾಡಬಾರದು, ಉಸಿರೂ ಬಿಡಬಾರದು, ಮೈಕು ತೆರೆದಿರುತ್ತದೆ ಎಂದು ಅಮೂಲ್ಯಾ ಅವರಿಗೆಲ್ಲ ನೂರು ಸಲ ಹೇಳಿದ್ದಳು. ಆ ಮೌನದೊಳಗೆ ಅವಳದೇ ಬಾಯಿ ತೆರೆಯಿತು.

“ಎತ್ತಿಟ್ಟದ್ದು ನಾನು. ಜಯದೇವಣ್ಣ ಏನೂ ಮಾಡ್ಲಿಲ್ಲ. ನೀವು ಬರ್ತೀರಂತ ಕ್ಲೀನ್ ಮಾಡಕ್ಕೆ ಹೋಗಿ ವೀಣೆನೆಲ್ಲ ಅಟ್ಟಕ್ಕೆ ಹಾಕಿದ್ದೆ.”

ಅಲ್ಲಾಡಬಾರದೆಂಬ ಆಜ್ಞೆ ಇನ್ನೂ ಇತ್ತು. ಆಮೇಲೆ ಜಯದೇವಪ್ಪ ಬೆನ್ನ ಹಿಂದಿನ ಕೈಗಳನ್ನು ಬಿಡಿಸಿ ಮುಂದೆ ತಂದು, ಒಂದನ್ನು ಇನ್ನೊಂದರಿಂದ ಸವರಿಕೊಂಡು, “ಹಂಗಾರೆ ನಾನು ರಾಜೇಶನ ಹತ್ರ ಫೋನಲ್ಲಿ ಬೈಸ್ಕಂಡಿದ್ದು?” ಎಂದರು. ಮೊದಲು ಯಾರು ನಕ್ಕರೋ. ಬಾಗಿಲ ಹತ್ತಿರದವರಿರಬೇಕು. ಅವರಿಂದ ಇವರಿಗೆ, ಇವರಿಂದ ಆಚೆಯವರಿಗೆ, ಓರೆಗೆರೆ ದಾಟಿ ಬಂದ ದಾರಿಯಲ್ಲೇ ನಗು ದಾಟುತ್ತ ಬಂತು, ಸುಲೋಚನಮ್ಮ ಸೆರಗು ಬಾಯಿಗಿಟ್ಟುಕೊಂಡು, ತಡೆಯಲಾಗದೆ ತೆಗೆದು, “ನಮ್ಮನೇಲಿ ಕೊಬ್ಬರಿ ತುರಿಮಣೆ ಹೋದ ವರ್ಷದಿಂದ ಅಟ್ಟದಲ್ಲಿದೆ ಮಾರಾಯ್ತಿ, ನಮ್ಮ ಮಾವನೇ ಮಾರಿಕೊಂಡ್ರು ಅಂತ ಮಾಡಿದ್ದೆ,” ಎಂದರು. ಅಮೂಲ್ಯಾ ಕುರ್ಚಿಯಲ್ಲಿ ಮಡಚಿಕೊಂಡು ನಕ್ಕಳು, ಹೊಟ್ಟೆ ಹಿಡಿದು, ನಾಚಿಕೆಯೂ ಅದರಲ್ಲೇ ಕರಗಿ ಕಣ್ಣಿನಿಂದ ಇಳಿಯುತ್ತಿತ್ತು. ಪರದೆಯ ಮೇಲೆ ಕೆಂಪು ಗೆರೆ ಇನ್ನೂ ಓಡುತ್ತಿತ್ತು. ನಗು ಬೆಟ್ಟಗಳ ಹಾಗೆ ಅದರ ಹಿಂದೆ ಏಳುತ್ತಿತ್ತು.

ಮೂರರ ಬಸ್ಸು ಸಿಕ್ಕಿತು. ಬಸ್ಸಿನ ಕಿಟಕಿಯಿಂದ ಯಾರೋ ಸಿ ಕೋಲನ್ ಎಂದು ಕೂಗಿದರು, ಹಿಂದಿನ ಸೀಟಿನಿಂದ ಓರೆಗೆರೆ ಎಂದು ಉತ್ತರ ಬಂತು, ಕಂಡಕ್ಟರು ಏನೆಂದು ತಿಳಿಯದೆ ಸೀಟಿ ಊದಿದ. ಸಿ.ಡಿ.ಯನ್ನು ನಾಳೆ ಬೆಳಗಿನ ಬಸ್ಸಿನಲ್ಲಿ ಅದೇ ಕಂಡಕ್ಟರನ ಕೈಗೆ ಕೊಡುವುದೆಂದಾಗಿತ್ತು. ಕೆರೆಕಟ್ಟೆಯಲ್ಲಿ ಸಿ.ಡಿ. ಪ್ಲೇಯರ್ ಇರುವ ಮನೆಗಳಲ್ಲೆಲ್ಲ ಹಾಕುತ್ತಾರೆ, ರಂಗಪ್ಪನವರೂ ಕೇಳುತ್ತಾರೆ. ಅಮೂಲ್ಯಾ ಮೇಲೆ ಬಂದು ಕೂತಳು. ಹಾಡು ಮುಗಿದಲ್ಲಿಂದ ಮುಂದೆ ತನ್ನ ಮಾತು, ಆಮೇಲೆ ಜಯದೇವಪ್ಪನ ಮಾತು, ಆಮೇಲೆ ಆ ಬೆಟ್ಟಗಳು. ಕತ್ತರಿಸುವುದು ಒಂದು ಚಿಟಿಕೆಯ ಕೆಲಸ. ಅದಷ್ಟು ತೆಗೆಯುತ್ತೀಯಲ್ಲ ಎಂದು ಕೇಳಿದರು ಜಯದೇವಪ್ಪ ಹಿಂದಿನಿಂದ. ಹೌದು ಎಂದು ಮೌಸಿನಿಂದ ಅಷ್ಟನ್ನೂ ಎಳೆದು ಹಿಡಿದಳು, ಕಪ್ಪಗೆ ಗುರುತು ಬಿತ್ತು. ಕೈ ಅಲ್ಲೇ ನಿಂತಿತು. ನಿನ್ನೆ ಸಂಜೆ ವೀಣೆಯನ್ನು ಎಳೆದು ಹಿಡಿದಾಗಲೂ ಹೀಗೇ ಗುರುತು ಬಿದ್ದಿತ್ತು, ಇದೇ ಕೈ, ನೆಂಟರು ಬರುತ್ತಾರೆಂಬ ಇದೇ ಅವಸರ. ಗುರುತು ಬಿಡಿಸಿದಳು. ಹಾಡನ್ನೂ ನಗುವನ್ನೂ ಇದ್ದ ಹಾಗೇ ಬರೆಯಲೆಂದು ಖಾಲಿ ಸಿ.ಡಿ. ಇಟ್ಟು ಕಂಪ್ಯೂಟರಿನ ಟ್ರೇಯನ್ನು ಒಳಗೆ ತಳ್ಳಿದಳು. ಸಿ.ಡಿ. ಬರೆದು ಮುಗಿಯುವವರೆಗೆ ಈ ಪೆಟ್ಟಿಗೆಯಲ್ಲಿ ಬೇರೆ ಕೆಲಸವಿಲ್ಲವೆಂದು ಎದ್ದು, ಜಯದೇವಪ್ಪನಿಗೆ ಕುರ್ಚಿ ಬಿಟ್ಟುಕೊಟ್ಟು, ಇಸ್ಪೀಟು ತೆರೆದಳು.

“ಕೂತ್ಕಳಿ ಜಯದೇವಣ್ಣ. ಎಂತ ಬೇಕಾರೂ ಒತ್ತಿ.”